ಫ್ಯಾಂಟಾ ಹುಟ್ಟಿದ ಕಾಲ

ಫ್ಯಾಂಟಾ ಎಂದರೆ ನಮಗೆ ಕಿತ್ತಳೆ ಬಣ್ಣ, ಕಿತ್ತಳೆ ರುಚಿ. ಆದರೆ ಅದರ ಹುಟ್ಟಿಗೂ ಕಿತ್ತಳೆಗೂ ಸಂಬಂಧವಿಲ್ಲ. ಅದು ಹುಟ್ಟಿದ್ದು ಹಿಟ್ಲರನ ಜರ್ಮನಿಯಲ್ಲಿ, ಎರಡನೆಯ ಮಹಾಯುದ್ಧದ ನಡುವೆ.

1930ರ ದಶಕದಲ್ಲಿ ಜರ್ಮನಿ ಕೋಕಾ-ಕೋಲಾ ಕಂಪನಿಗೆ ದೊಡ್ಡ ಮಾರುಕಟ್ಟೆಯಾಗಿತ್ತು. ಯುದ್ಧ ಶುರುವಾದ ಮೇಲೆ ಅಮೆರಿಕದಿಂದ ಬರುತ್ತಿದ್ದ ಮೂಲ ಸಾಮಗ್ರಿ ನಿಂತುಹೋಯಿತು. ಕಾರ್ಖಾನೆಗಳು ಮುಚ್ಚಬಾರದೆಂದು ಅಲ್ಲಿನ ಮುಖ್ಯಸ್ಥ ಮ್ಯಾಕ್ಸ್ ಕೈಟ್ ಕೈಗೆ ಸಿಕ್ಕಿದ್ದರಲ್ಲೇ ಹೊಸ ಪಾನೀಯ ಮಾಡಿಸಿದ. ಚೀಸ್ ಮಾಡುವಾಗ ಹಾಲು ಒಡೆದು ಉಳಿಯುವ ನೀರು, ಸೇಬಿನ ರಸ ಹಿಂಡಿದ ಮೇಲಿನ ಚರಟ, ಇವೇ ಅದರ ಬಂಡವಾಳ. ಹೆಸರಿಗಾಗಿ ಕಲ್ಪನೆಯನ್ನು ಹರಿಯಬಿಡಿ ಎಂದು ಆತ ಸಿಬ್ಬಂದಿಗೆ ಹೇಳಿದಾಗ, ಕಲ್ಪನೆ ಎಂಬರ್ಥದ ಜರ್ಮನ್ ಪದ 'ಫಾಂಟಾಸೀ'ಯಿಂದಲೇ ಒಬ್ಬ ಮಾರಾಟಗಾರ 'ಫಾಂಟಾ' ಎಂದನಂತೆ.

1943ರಲ್ಲಿ ಸುಮಾರು 30 ಲಕ್ಷ ಪೆಟ್ಟಿಗೆಗಳು ಮಾರಾಟವಾದವು. ಎಲ್ಲವನ್ನೂ ಜನ ಕುಡಿಯಲಿಲ್ಲ. ಸಕ್ಕರೆ ಪಡಿತರದಲ್ಲಿದ್ದ ಆ ದಿನಗಳಲ್ಲಿ ಅಡುಗೆಮನೆಗಳಲ್ಲಿ ಸೂಪಿಗೆ ಸಿಹಿ ಕೊಡಲೂ ಅದನ್ನು ಸುರಿಯುತ್ತಿದ್ದರು.

ಕೈಟ್ ನಾಜಿ ಪಕ್ಷದ ಸದಸ್ಯನಾಗಿರಲಿಲ್ಲ. ಆದರೆ ಆ ಆಡಳಿತದೊಂದಿಗೆ ಹೊಂದಿಕೊಂಡೇ ವ್ಯಾಪಾರ ನಡೆಸಿದ. ನಾವು ಕುಡಿಯುವ ಕಿತ್ತಳೆ ಫ್ಯಾಂಟಾ ಬಂದದ್ದು ಆಮೇಲೆ, 1955ರಲ್ಲಿ, ಇಟಲಿಯ ನೇಪಲ್ಸ್‌ನಲ್ಲಿ.

2015ರಲ್ಲಿ ಫ್ಯಾಂಟಾಕ್ಕೆ 75 ತುಂಬಿದಾಗ ಜರ್ಮನಿಯ ಜಾಹೀರಾತೊಂದು ಹಳೆಯ ಒಳ್ಳೆಯ ದಿನಗಳನ್ನು ನೆನೆಯಿತು. ಯಾವ ಒಳ್ಳೆಯ ದಿನಗಳು ಎಂದು ಜನ ಕೇಳಿದರು. ಕಂಪನಿ ಜಾಹೀರಾತನ್ನು ಹಿಂತೆಗೆದುಕೊಂಡಿತು.

ಕೊರತೆಯಲ್ಲಿ ಅರಳಿದ ಜಾಣ್ಮೆಯ ಕಥೆ ಯಾರಿಗೂ ಇಷ್ಟವಾಗುತ್ತದೆ. ಆ ಕೊರತೆ ಯಾರು ಹೂಡಿದ ಯುದ್ಧದಿಂದ ಬಂತು ಎಂಬುದನ್ನು ಬಿಟ್ಟು ಹೇಳಿದರೆ ಅದು ಅರ್ಧ ಕಥೆ.