ಹೊಸಕೋಟೆಯ ಪಾಳೆಯದಲ್ಲಿ ಮುರಾರಿರಾಯನೂ ಇಂಗ್ಲಿಷರೂ

ಪರಸ್ಪರ ವಿಶ್ವಾಸವಿಲ್ಲದ ಇಬ್ಬರು ಒಂದು ಕಾರ್ಯಕ್ಕಾಗಿ ಜೊತೆಗೂಡುವ ವೃತ್ತಾಂತವು ಅಮೆರಿಕದ ಪಶ್ಚಿಮ ಸೀಮೆಯ ಚಲಚ್ಚಿತ್ರಗಳಿಗೆ ಬಹು ಪ್ರಿಯವಾದುದು. 1954ರ ‘ವೆರಾ ಕ್ರೂಜ್’ ಎಂಬ ಚಿತ್ರದಲ್ಲಿ ಸೋತ ಪಕ್ಷದ ಅಧಿಕಾರಿಯೊಬ್ಬನೂ ದರೋಡೆಗಾರನೊಬ್ಬನೂ ಹಣಕ್ಕಾಗಿ ಮೆಕ್ಸಿಕೋ ದೇಶದ ಯುದ್ಧದಲ್ಲಿ ಕೂಡಿ ನಡೆಯುತ್ತಾರೆ. ಇಂತಹ ಒಂದು ಸಖ್ಯವು ನಮ್ಮ ಸೂಲಿಬೆಲೆಯ ಸೀಮೆಯಲ್ಲಿಯೂ ಏರ್ಪಟ್ಟಿದ್ದಿತು. ಅದರ ಪರಿಣಾಮವೇನಾಯಿತೆಂಬುದನ್ನು ಪರಿಶೀಲಿಸುವುದೇ ಪ್ರಕೃತ ಲೇಖನದ ಉದ್ದೇಶ.

ಸೂಲಿಬೆಲೆಯು ಹೊಸಕೋಟೆಗೆ ಉತ್ತರದಲ್ಲಿದೆ. ಮೊದಲನೆಯ ಮೈಸೂರು ಯುದ್ಧದಲ್ಲಿ, ಎಂದರೆ 1768ರಲ್ಲಿ, ಬೆಂಗಳೂರಿಗೆ ಮುತ್ತಿಗೆ ಹಾಕುವ ಉದ್ದೇಶದಿಂದ ಕರ್ನಲ್ ಸ್ಮಿತ್ತನ ದಂಡು ಹೊಸಕೋಟೆಯಲ್ಲಿ ಬೀಡುಬಿಟ್ಟಿತು. ಆಗಸ್ಟ್ ತಿಂಗಳ ಆದಿಯಲ್ಲಿ ಗುತ್ತಿಯ ಮುರಾರಿರಾಯ ಘೋರ್ಪಡೆಯು ತನ್ನ ಕುದುರೆಯ ದಂಡಿನೊಡನೆ ಅಲ್ಲಿಗೆ ಬಂದು ಸೇರಿದನು. ಈತನು ಇಂಗ್ಲಿಷರಿಗೆ ಅಪರಿಚಿತನಲ್ಲ. ತಿರುಚಿರಾಪಳ್ಳಿಯ ಯುದ್ಧದಲ್ಲಿ ಮೊದಲು ಅವರ ಪಕ್ಷದಲ್ಲಿದ್ದು, ಬಳಿಕ ಫ್ರೆಂಚರ ಕಡೆಗೆ ಸರಿದವನು. ಆದರೆ ಹೈದರನು ಅವನಿಂದ ಮಡಕಶಿರ, ಪೆನುಗೊಂಡೆಗಳನ್ನು ಕಿತ್ತುಕೊಂಡಿದ್ದನು. ಹೀಗೆ ಇಬ್ಬರನ್ನೂ ಕೂಡಿಸಿದುದು ಸ್ನೇಹವಲ್ಲ, ಸಮಾನವಾದ ವೈರ.

ಮುರಾರಿರಾಯನ ಪಾಳೆಯವು ಇಂಗ್ಲಿಷರದಕ್ಕಿಂತ ಪ್ರತ್ಯೇಕವಾಗಿದ್ದಿತು. ಆಗಸ್ಟ್ 22ರ ರಾತ್ರಿ ಹೈದರನು ಅದರ ಮೇಲೆಯೇ ತನ್ನ ಕುದುರೆಯ ದಂಡನ್ನು ನುಗ್ಗಿಸಿದನು. ವಿಲ್ಕ್ಸ್ ಎಂಬ ಇತಿಹಾಸಕಾರನು ಈ ಪ್ರಸಂಗವನ್ನು ವಿವರಿಸಿದ್ದಾನೆ. ಯಾರೂ ಕುದುರೆಯನ್ನು ಏರಬಾರದು, ಏರಿದವರೆಲ್ಲರೂ ಶತ್ರುಗಳೆಂದೇ ತಿಳಿಯಬೇಕು ಎಂದು ಮುರಾರಿರಾಯನು ತನ್ನವರಿಗೆ ಆಜ್ಞಾಪಿಸಿದನಂತೆ. ಕತ್ತಲೆಯಲ್ಲಿ ಸ್ವಪಕ್ಷ ಪರಪಕ್ಷಗಳನ್ನು ಬೇರ್ಪಡಿಸಲು ಇದಕ್ಕಿಂತ ಸುಲಭವಾದ ಉಪಾಯವಿರಲಾರದು. ಗಾಯಗೊಂಡ ಅವನ ಪಟ್ಟದಾನೆಯು ಕಟ್ಟನ್ನು ಹರಿದುಕೊಂಡು, ಸರಪಣಿಯನ್ನು ಸೊಂಡಿಲಿನಲ್ಲಿ ಹಿಡಿದು ಬೀಸುತ್ತ ಹೈದರನ ರಾವುತರನ್ನು ಚದರಿಸಿತೆಂದೂ ಅವನು ಹೇಳುತ್ತಾನೆ. ದಾಳಿಯು ವಿಫಲವಾಯಿತು. ಆ ರಾತ್ರಿ ಮುರಾರಿರಾಯನು ತನ್ನ ಮಾತಿಗೆ ತಪ್ಪಲಿಲ್ಲ.

ಆದರೆ ಬೆಂಗಳೂರಿನ ಮುತ್ತಿಗೆಯು ನಡೆಯಲೇ ಇಲ್ಲ. ಹೈದರನು ಮದರಾಸಿನ ಹೊರವಲಯದವರೆಗೆ ದಂಡೆತ್ತಿ ಹೋದುದರಿಂದ 1769ರ ಏಪ್ರಿಲಿನಲ್ಲಿ ಸಂಧಿಯಾಯಿತು. ಆ ಸಂಧಿಪತ್ರದಲ್ಲಿ ಮುರಾರಿರಾಯನ ಹೆಸರು ಕರ್ನಾಟಕ ಪಾಯಿನ್‌ಘಾಟಿನ ಮಿತ್ರರ ಸಾಲಿನಲ್ಲಿ ಸೇರಿತು. ಅದೇ ಪತ್ರದಲ್ಲಿ ಕಂಪನಿಯವರೂ ಹೈದರನೂ ಪರಸ್ಪರ ನೆರವಾಗುವೆವೆಂದು ಒಪ್ಪಿಕೊಂಡರು. ಹೊಸಕೋಟೆಯಲ್ಲಿ ಒಬ್ಬರನ್ನೊಬ್ಬರು ಕೊಲ್ಲಬಂದವರಿಬ್ಬರೂ ಒಂದೇ ಕಾಗದದಲ್ಲಿ ಇಂಗ್ಲಿಷರ ಮಿತ್ರರಾದರು!

ಈ ಮೈತ್ರಿಯ ಬೆಲೆಯು ಶೀಘ್ರವಾಗಿಯೇ ತಿಳಿದುಬಂದಿತು. 1770ರಲ್ಲಿ ಪೇಶ್ವೆ ಮಾಧವರಾಯನ ಸೈನ್ಯವು ಮೈಸೂರಿನ ಮೇಲೆ ಬಂದಾಗ ಹೈದರನಿಗೆ ಇಂಗ್ಲಿಷರ ನೆರವು ದೊರೆಯಲಿಲ್ಲ. ಮರುವರ್ಷ ಅವನು ಚಿನಕುರುಳಿಯಲ್ಲಿ ಸೋತನು. ಆ ವಚನಭಂಗವನ್ನು ಅವನು ಮರೆಯಲೂ ಇಲ್ಲ. 1776ರಲ್ಲಿ ಹೈದರನು ಗುತ್ತಿಯನ್ನು ಮುತ್ತಿದಾಗ ಮುರಾರಿರಾಯನ ರಕ್ಷಣೆಗೂ ಇಂಗ್ಲಿಷರು ಬರಲಿಲ್ಲ. ಬೆಟ್ಟದ ಕೋಟೆಯಲ್ಲಿ ನೀರು ಬತ್ತಿ ಅವನು ಶರಣಾದನು. ಕಬ್ಬಾಳದುರ್ಗದ ಸೆರೆಯಲ್ಲಿ ಮೃತನಾದನು.

ಮುರಾರಿರಾಯನನ್ನು ಪಕ್ಷಾಂತರಿಯೆಂದು ಹಳಿಯುವುದು ವಾಡಿಕೆ. ಆ ಮಾತು ಸುಳ್ಳಲ್ಲ. ಆದರೆ ಹಣಕ್ಕೆ ಬಂದವನು ಹೊಸಕೋಟೆಯಲ್ಲಿ ನಿಂತು ಕಾದಿದನು. ಬರೆದು ಒಪ್ಪಿಕೊಂಡವರು ಗುತ್ತಿಗೂ ಬರಲಿಲ್ಲ, ಚಿನಕುರುಳಿಗೂ ಬರಲಿಲ್ಲ. ಇವರಲ್ಲಿ ವಿಶ್ವಾಸಾರ್ಹರು ಯಾರೆಂಬುದನ್ನು ನಿರ್ಣಯಿಸುವಾಗ ಆ ಒಂದು ರಾತ್ರಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದು ನ್ಯಾಯ.