ಯಾರ ತರಹ ಇದೆ? ಚೆನ್ನೈನಲ್ಲಿ ರಾಕ್ ಕೇಳಿದವರ ಒಂದು ಸಣ್ಣ ಇತಿಹಾಸ

ವಿಡಿಯೋ ನೋಡೋಕೆ ಟೈಮ್ ಇಲ್ಲ, ಓದ್ಕೋತೀವಿ ಅನ್ನೋರಿಗಾಗಿ ಎಂದಿನಂತೆ ಈ ಸಂಚಿಕೆಯ ಬರಹರೂಪ ಇಲ್ಲಿದೆ. ಮಾತಾಡುವಾಗ ತಡವರಿಸಿದ್ದನ್ನು ತೆಗೆದಿದ್ದೇನೆ, ಉಳಿದದ್ದು ಹೆಚ್ಚುಕಡಿಮೆ ಹಾಗೇ ಇದೆ.

ಹೋದ ತಿಂಗಳು ಮನೆ ಬದಲಾಯಿಸಿದೆ, ವೇಳಚ್ಚೇರಿಯಿಂದ ಓಎಂಆರ್ ಕಡೆಗೆ. ಸಾಮಾನು ಕಟ್ಟುವಾಗ ನನ್ನ ಎಂಟೆಕ್ ದಿನಗಳ ಹಳೇ ಹಾರ್ಡ್ ಡಿಸ್ಕ್ ಒಂದು ಸಿಕ್ತು. ಹಾಕಿ ನೋಡಿದರೆ ಒಳಗಿಂದ ಟಕ್ ಟಕ್ ಅಂತ ಸದ್ದು. ಇಂಜಿನಿಯರ್‌ಗಳಿಗೆ ಆ ಸದ್ದಿನ ಅರ್ಥ ಹೇಳಬೇಕಾಗಿಲ್ಲ. ಎರಡು ರಾತ್ರಿ ಕೂತು ರಿಕವರಿ ಮಾಡಿದೆ. ಹಾಡುಗಳು ಬಹುಪಾಲು ಬರಲಿಲ್ಲ. ಒಂದು ಹಾಡು ಅಂದ್ರೆ ಐದು ಎಂಬಿ, ಅದರಲ್ಲಿ ಒಂದಷ್ಟು ಸೆಕ್ಟರ್ ಕೆಟ್ಟರೂ ಹಾಡು ಮುರಿಯುತ್ತೆ. ಆದರೆ ಹನ್ನೆರಡು ಕೆಬಿಯ ಒಂದು ಟೆಕ್ಸ್ಟ್ ಫೈಲ್ ಪೂರ್ತಿಯಾಗಿ ಬಂತು. ಹೆಸರು ‘ಅಭಿಪ್ರಾಯ’. 2009ರಿಂದ 2011ರವರೆಗೆ ಹಾಸ್ಟೆಲ್‌ನಲ್ಲಿ ನಾನು, ನನ್ನ ಮಧುರೈ ರೂಮ್‌ಮೇಟ್, ಇನ್ನೂ ನಾಲ್ಕೈದು ಜನ ಸೇರಿ ಹೊಸ ಆಲ್ಬಂ ಕೇಳಿದಾಗೆಲ್ಲ ಬರೆದಿಟ್ಟದ್ದು. ಬ್ಯಾಂಡ್ ಹೆಸರು, ಆಲ್ಬಂ ಹೆಸರು, ಹತ್ತಕ್ಕೆ ಎಷ್ಟು ಮಾರ್ಕ್ಸ್, ಮತ್ತೆ ಒಂದು ಕಾಲಂ: ‘ಯಾರ ತರಹ ಇದೆ?’

ಇವತ್ತಿನ ವಿಷಯ ಆ ಕಾಲಂ. ಚೆನ್ನೈನಲ್ಲಿ ರಾಕ್ ನುಡಿಸಿದವರ ಬಗ್ಗೆ ಅಲ್ಲಲ್ಲಿ ಒಂದಿಷ್ಟು ಬರಹ ಇದೆ. ಕೇಳಿದವರ ಬಗ್ಗೆ ಇಲ್ಲವೇ ಇಲ್ಲ ಅನ್ನಬಹುದು. ನನ್ನ ವಾದ ಏನಂದ್ರೆ, ಇಲ್ಲಿ ರಾಕ್ ಸಂಗೀತ ಬದಲಾದದ್ದು ಕೇಳುಗರು ಕೇಳುವ ಪ್ರಶ್ನೆ ಬದಲಾದಾಗ. ಐವತ್ತು ವರ್ಷದಲ್ಲಿ ಆ ಪ್ರಶ್ನೆ ಎರಡು ಸಲ ಬದಲಾಗಿದೆ.

ಅಭಿಪ್ರಾಯದ ಊರು

ಮೊದಲು ಒಂದು ಮಾತು. ಸಂಗೀತದ ಬಗ್ಗೆ ಅಭಿಪ್ರಾಯ ಹೇಳೋದು ಚೆನ್ನೈಗೆ ಹೊಸದಲ್ಲ. ಡಿಸೆಂಬರ್ ಸೀಸನ್‌ನಲ್ಲಿ ಯಾವುದೇ ಸಭಾದ ಕ್ಯಾಂಟೀನ್‌ಗೆ ಹೋಗಿ, ಪಕ್ಕದ ಟೇಬಲ್‌ನ ಮಾಮಾ ಒಬ್ಬರು ತೋಡಿಯಲ್ಲಿ ಎಲ್ಲಿ ತಪ್ಪಾಯ್ತು ಅಂತ ದೋಸೆ ಮುರಿಯುತ್ತಾ ಹೇಳ್ತಾ ಇರ್ತಾರೆ. ಮ್ಯೂಸಿಕ್ ಅಕಾಡೆಮಿ ಶುರುವಾದದ್ದು 1928ರಲ್ಲಿ. ಮುಂದಿನ ದಶಕದಲ್ಲಿ ಕಾದಂಬರಿಕಾರ ಕಲ್ಕಿ ಕೃಷ್ಣಮೂರ್ತಿ ‘ಆನಂದ ವಿಕಟನ್’ನಲ್ಲಿ ಕಛೇರಿಗಳ ವಿಮರ್ಶೆ ಬರೀತಿದ್ರು. ಅದಕ್ಕೆ ಅವರಿಟ್ಟುಕೊಂಡ ಹೆಸರು ‘ಕರ್ನಾಟಕಂ’. ಕನ್ನಡದವರು ಹಿಗ್ಗಬೇಕಾಗಿಲ್ಲ. ತಮಿಳಿನಲ್ಲಿ ಆ ಪದಕ್ಕೆ ಕರ್ನಾಟಕ ಸಂಗೀತ ಅನ್ನೋದರ ಜೊತೆಗೆ ‘ಹಳೇ ಕಾಲದವನು’ ಅನ್ನೋ ಅರ್ಥವೂ ಇದೆ. ಅದು ಅವರ ತಮಾಷೆ.

ಇದನ್ನು ಯಾಕೆ ಹೇಳ್ದೆ ಅಂದ್ರೆ, 1940ರ ದಶಕದ ತಮಿಳ್ ಇಸೈ ಚಳವಳಿ ಬಗ್ಗೆ, ಅಂದರೆ ಕಛೇರಿಯಲ್ಲಿ ತಮಿಳು ಹಾಡುಗಳಿಗೆ ಎಷ್ಟು ಜಾಗ ಅನ್ನೋ ಜಗಳದ ಬಗ್ಗೆ ಇವತ್ತು ಪುಸ್ತಕ ಬರೆಯೋಕೆ ಆಗೋದು, ಅವತ್ತು ಕೇಳಿದವರು ತಮ್ಮ ಭಾಷೆಯಲ್ಲೇ ಬರೆದಿಟ್ಟಿದ್ದರಿಂದ. ಅದೇ ಊರಿನ ರಾಕ್ ಕೇಳುಗರಿಗೆ ಅಂಥ ಕಲ್ಕಿ ಸಿಗಲಿಲ್ಲ.

ಮೊದಲ ಪ್ರಶ್ನೆ: ರೆಕಾರ್ಡ್‌ನಲ್ಲಿ ಇರೋ ಹಾಗೇ ಇದೆಯಾ?

1960ರ ಕೊನೆಗೆ ಕಲ್ಕತ್ತಾ, ಮುಂಬೈ, ಬೆಂಗಳೂರು, ಮದ್ರಾಸುಗಳಲ್ಲಿ ‘ಬೀಟ್ ಗ್ರೂಪ್’ಗಳಿದ್ದವು. ಹೋಟೆಲ್, ಕ್ಲಬ್, ಕಾಲೇಜುಗಳಲ್ಲಿ ನುಡಿಸೋರು. ಸಿಮ್ಲಾ ಅನ್ನೋ ಸಿಗರೇಟಿನ ಪ್ರಚಾರಕ್ಕಾಗಿ ‘ಸಿಮ್ಲಾ ಬೀಟ್’ ಅಂತ ಅಖಿಲ ಭಾರತ ಸ್ಪರ್ಧೆ ನಡೀತಿತ್ತು. 1970 ಮತ್ತು 1971ರ ಸ್ಪರ್ಧೆಗಳ ಹಾಡುಗಳು ಎಲ್‌ಪಿಯಾಗಿ ಬಂದವು. ಪರದೇಶದ ಹಾಡುಗಳ ಜೊತೆ ಕೆಲವು ಸ್ವಂತ ಹಾಡುಗಳೂ ಅದರಲ್ಲಿದ್ದವು. ಆದರೆ ಆ ಕಾಲದ ದೊಡ್ಡ ಹೊಗಳಿಕೆ ಅಂದ್ರೆ ಒಂದೇ: ‘ರೆಕಾರ್ಡ್‌ನಲ್ಲಿ ಇರೋ ಹಾಗೇ ನುಡಿಸ್ತಾರೆ.’

ಈಗ ನಾವು ಅದನ್ನ ನೋಡಿ ನಗ್ತೀವಿ. ನಗಬಾರದು. ಹೊರದೇಶದ ರೆಕಾರ್ಡ್ ಆಗ ಸುಲಭಕ್ಕೆ ಸಿಗ್ತಿರಲಿಲ್ಲ. ಯಾರದೋ ಅಣ್ಣ ವಿದೇಶದಿಂದ ತರಬೇಕು, ಇಲ್ಲ ರಾತ್ರಿ ಶಾರ್ಟ್‌ವೇವ್ ರೇಡಿಯೋ ತಿರುಗಿಸ್ತಾ ಕೂರಬೇಕು. ಕಲ್ಕತ್ತಾದಿಂದ ಬರುತ್ತಿದ್ದ ‘ಜೂನಿಯರ್ ಸ್ಟೇಟ್ಸ್‌ಮನ್’ ಪತ್ರಿಕೆಯಲ್ಲಿ ಬ್ಯಾಂಡ್‌ಗಳ ಬಗ್ಗೆ ಓದಬಹುದಿತ್ತು, ಕೇಳೋಕೆ ಆಗ್ತಿರಲಿಲ್ಲ. ಹಾಗಾಗಿ ಮದ್ರಾಸಿನ ಕೇಳುಗನಿಗೆ ಎದುರಿಗಿನ ಬ್ಯಾಂಡೇ ರೆಕಾರ್ಡ್ ಪ್ಲೇಯರ್. ಪ್ಲೇಯರ್ ಚೆನ್ನಾಗಿರಬೇಕು ಅಂದ್ರೆ ಪ್ರತಿ ಸಾಚಾ ಇರಬೇಕು. ಪ್ರಶ್ನೆ ಆ ಕಾಲಕ್ಕೆ ಸರಿಯಾಗೇ ಇತ್ತು.

ಎರಡನೇ ಪ್ರಶ್ನೆ: ಯಾರ ತರಹ ಇದೆ?

ಮೂಲ ಹಾಡೇ ಕೈಗೆ ಸಿಕ್ಕಾಗ ಪ್ರತಿ ಯಾಕೆ ಬೇಕು? ಬದಲಾವಣೆ ಶುರುವಾದದ್ದು ಅಲ್ಲಿಂದ. 1987ರಲ್ಲಿ ನುಂಗಂಬಾಕ್ಕಂನ ಒಂದು ಬೇಸ್‌ಮೆಂಟ್‌ನಲ್ಲಿ ಲ್ಯಾಂಡ್‌ಮಾರ್ಕ್ ಅಂಗಡಿ ತೆರೀತು, ಪುಸ್ತಕದ ಜೊತೆ ಕ್ಯಾಸೆಟ್ಟೂ ಇತ್ತು. 1991ರಲ್ಲಿ ಸ್ಟಾರ್ ಟಿವಿ ಜೊತೆ ಎಂಟಿವಿ ಬಂತು. 1993ರಲ್ಲಿ ಅಮಿತ್ ಸೈಗಲ್ ಮತ್ತು ಶೀನಾ ಗಮಟ್ ಸೇರಿ ‘ರಾಕ್ ಸ್ಟ್ರೀಟ್ ಜರ್ನಲ್’ ಶುರುಮಾಡಿದ್ರು. ಮುಂಬೈಯಲ್ಲಿ ಅಲ್ಲ, ಬೆಂಗಳೂರಲ್ಲಿ ಅಲ್ಲ, ಅಲಹಾಬಾದ್‌ನಲ್ಲಿ! ಈ ದೇಶದ ಬ್ಯಾಂಡ್‌ಗಳ ಸ್ವಂತ ಹಾಡಿನ ಬಗ್ಗೆ ಗಂಭೀರವಾಗಿ ಬರೆದ ಪತ್ರಿಕೆ ಅದು.

ನಮ್ಮ ಬೆಂಗಳೂರಲ್ಲಿ 1996ರಲ್ಲಿ ಥರ್ಮಲ್ ಅಂಡ್ ಎ ಕ್ವಾರ್ಟರ್ ಹುಟ್ಟಿತು. ತಮ್ಮ ಸಂಗೀತಕ್ಕೆ ಅವರು ‘ಬ್ಯಾಂಗಲೋರ್ ರಾಕ್’ ಅಂತಲೇ ಹೆಸರಿಟ್ಟರು. 2012ರಲ್ಲಿ ‘3 ವೀಲ್ಸ್ 9 ಲೈವ್ಸ್’ ಅಂತ ಆಟೋ ನೆನಪಿಸೋ ಹೆಸರಿಟ್ಟು ಒಟ್ಟಿಗೆ ಮೂರು ಸಿಡಿಯ ಆಲ್ಬಂ ತಂದರು. ಅದೇ 1996ರಲ್ಲಿ ಇಲ್ಲಿ ಐಐಟಿ ಮದ್ರಾಸಿನ ‘ಮಾರ್ಡಿ ಗ್ರಾ’ ಉತ್ಸವ ‘ಸಾರಂಗ್’ ಆಯ್ತು. ಅದರ ರಾಕ್ ಶೋ ನಡೆಯೋ ಬಯಲು ರಂಗಮಂದಿರವನ್ನ ಎಲ್ಲರೂ ಓಎಟಿ ಅಂತಾರೆ. ಮೆಟ್ಟಿಲ ಮೇಲೆ ಸಾವಿರಾರು ಜನ ಕೂತಿರುವಾಗ ಬ್ಯಾಂಡ್‌ನವರು ‘ಈಗ ನಮ್ಮದೇ ಒಂದು ಹಾಡು’ ಅಂದ್ರೆ ಮೊದಮೊದಲು ಅರ್ಧ ಜನ ಟೀ ಕುಡಿಯೋಕೆ ಎದ್ದು ಹೋಗ್ತಿದ್ರಂತೆ. ನಾನು ಬರೋ ಹೊತ್ತಿಗೆ ಅದು ಉಲ್ಟಾ ಆಗಿತ್ತು. ಮೆಟಾಲಿಕಾ ಹಾಡು ಶುರುಮಾಡಿದ್ರೆ ಜನ ಎದ್ದು ಹೋಗೋರು.

ಚೆನ್ನೈನಲ್ಲೇ ಸ್ವಂತ ಹಾಡಿನ ಬ್ಯಾಂಡ್‌ಗಳು ಬೆಳೆದಿದ್ದವು. 2005ರಲ್ಲಿ ಜಂಕ್‌ಯಾರ್ಡ್ ಗ್ರೂವ್, ಮರುವರ್ಷ ಸ್ಕ್ರಾಟ್. ಅಡ್ಯಾರ್‌ನ ಅನ್‌ವೈಂಡ್ ಸೆಂಟರ್ ಅಂತ ಪುಟ್ಟ ಜಾಗ, ಅಲ್ಲಿ ಶನಿವಾರ ಹೋದರೆ ಯಾರಾದರೊಬ್ಬರು ನುಡಿಸ್ತಿರೋರು. 2009ರಲ್ಲಿ ಕಿಶೋರ್ ಕೃಷ್ಣ ‘ಆ್ಯಡಮ್ ಅಂಡ್ ದ ಫಿಶ್ ಐಡ್ ಪೊಯೆಟ್ಸ್’ ಹೆಸರಲ್ಲಿ ‘ಸ್ನೇಕಿಸಂ’ ತಂದಾಗ ನಮ್ಮ ಹಾಸ್ಟೆಲ್‌ನಲ್ಲಿ ಒಂದು ವಾರ ಅದೇ ಚರ್ಚೆ. ಹೆಸರು ಬ್ಯಾಂಡಿನದ್ದಾದರೂ ಒಬ್ಬನೇ ಮನುಷ್ಯನ ಯೋಜನೆ! ಸ್ಟುಡಿಯೋಗೆ ಹಣ ಸುರಿಯೋ ಕಾಲ ಮುಗೀತು ಅಂತ ನಮಗೆ ಅವತ್ತು ಅರ್ಥವಾಯ್ತು.

ಈಗ ನಮ್ಮ ಕಾಲಂ ನೋಡಿ. ‘ಯಾರ ತರಹ ಇದೆ?’ ಅನ್ನೋದು ಹಳೇ ಪ್ರಶ್ನೆಯೇ. ಆದರೆ ಅರ್ಥ ತಿರುಗಿದೆ. 1970ರಲ್ಲಿ ‘ಥೇಟ್ ಅವರ ತರಹ’ ಅಂದ್ರೆ ಹೊಗಳಿಕೆ. 2009ರಲ್ಲಿ ಅದೇ ಮಾತು ಬೈಗುಳ. ‘ಯಾರ ತರಹವೂ ಇಲ್ಲ’ ಅಂತ ಬರೆದರೆ ಮಾತ್ರ ಎಂಟರ ಮೇಲೆ ಮಾರ್ಕ್ಸ್. ಆ ಹೆದರಿಕೆಗೇ ಬ್ಯಾಂಡ್‌ಗಳು ಹೊಸ ದಾರಿ ಹುಡುಕಿದವು. ಅಷ್ಟು ಸಣ್ಣ ಲೋಕದಲ್ಲಿ ನೂರು ಜನರ ಅಭಿಪ್ರಾಯ ಅಂದ್ರೆ ಸಣ್ಣ ಮಾತಲ್ಲ.

ನಾನು ತಪ್ಪಿದ್ದು

ಆ ಫೈಲ್‌ನಲ್ಲಿ ನನ್ನನ್ನು ನಾಚಿಸಿದ ಸಾಲು ರಘು ದೀಕ್ಷಿತ್ ಬಗ್ಗೆ ಇರೋದು. ಮೈಸೂರಿನ ರಘು ದೀಕ್ಷಿತ್ ಅವರ ಮೊದಲ ಆಲ್ಬಂ 2008ರಲ್ಲಿ ಬಂತು. ಹಿಂದಿ ಹಾಡುಗಳ ಜೊತೆ ಶಿಶುನಾಳ ಷರೀಫರ ಗುಡುಗುಡಿಯ ಪದವೂ ಇತ್ತು, ಎಲೆಕ್ಟ್ರಿಕ್ ಗಿಟಾರ್ ಜೊತೆಗೆ. ನಾನು ಬರೆದದ್ದು: ‘ರಾಕ್ ಅಲ್ಲ. ಅಪ್ಪ ಕೇಳೋ ಅಶ್ವತ್ಥ್ ಕ್ಯಾಸೆಟ್ ತರಹ. 5/10.’

ಹೌದು, ನಮ್ಮನೆಯಲ್ಲಿ ಸಿ. ಅಶ್ವತ್ಥ್ ಅವರ ಷರೀಫರ ಪದಗಳ ಕ್ಯಾಸೆಟ್ ಸವೆದುಹೋಗುವಷ್ಟು ಓಡಿದೆ. ನನಗೆ ಅದು ಮನೆಯ ಸದ್ದು, ರಾಕ್ ಅಂದ್ರೆ ಮನೆಯಿಂದ ಹೊರಗಿನದ್ದು. ಆದರೆ ಕನ್ನಡದ ಒಂದಕ್ಷರ ಗೊತ್ತಿಲ್ಲದ ನನ್ನ ಮಧುರೈ ರೂಮ್‌ಮೇಟ್ ಅದೊಂದೇ ಹಾಡನ್ನ ರಾತ್ರಿಯೆಲ್ಲ ಹಾಕಿದ. ಆಮೇಲೆ ಕೇಳ್ದ: ‘ಮಚಾ, ಹುಕ್ಕಾ ಸೇದೋ ಬಗ್ಗೆ ಹಾಡು ಅಂತೀಯಲ್ಲ, ಅಷ್ಟಕ್ಕೇ ಇವರು ಇಷ್ಟು ತೀವ್ರವಾಗಿ ಯಾಕೆ ಹಾಡ್ತಾರೆ? ಒಳಗಡೆ ಬೇರೆ ಏನೋ ಇದೆ.’ ನನಗೆ ಹೇಳೋಕೆ ಬರಲಿಲ್ಲ. ಗುಡುಗುಡಿ ಅನ್ನೋದು ದೇಹದ, ಮನಸ್ಸಿನ ಮಾತು ಅಂತ ಅಪ್ಪನಿಗೆ ಫೋನ್ ಮಾಡಿ ತಿಳ್ಕೊಂಡು, ಇಂಗ್ಲಿಷ್‌ನಲ್ಲಿ ಅವನಿಗೆ ವಿವರಿಸಿದೆ. ಅಪ್ಪ ಆ ಕಡೆಯಿಂದ ‘ಅದನ್ನೇನು ಈಗ ಕೇಳ್ತಿದ್ದೀಯೋ?’ ಅಂದಿದ್ರು. ಅವನು ನನ್ನ ಐದನ್ನ ಹೊಡೆದುಹಾಕಿ ಒಂಬತ್ತು ಬರೆದ. ಫೈಲ್‌ನಲ್ಲಿ ಎರಡೂ ಇವೆ.

ಮೂರನೇ ಪ್ರಶ್ನೆ: ಯಾರು ಹಾಡ್ತಿದ್ದಾರೆ, ಯಾರ ಬಗ್ಗೆ?

2018ರ ಜನವರಿ 6ರಂದು ಕೀಳ್ಪಾಕ್ಕಂನಲ್ಲಿ ದ ಕ್ಯಾಸ್ಟ್‌ಲೆಸ್ ಕಲೆಕ್ಟಿವ್ ಮೊದಲ ಸಲ ವೇದಿಕೆ ಹತ್ತಿತು. ನಿರ್ದೇಶಕ ಪಾ. ರಂಜಿತ್ ಮತ್ತು ಸಂಗೀತಗಾರ ತೆನ್ಮಾ ಕಟ್ಟಿದ ತಂಡ. ಹೆಸರು ಬಂದದ್ದು ಹತ್ತೊಂಬತ್ತನೇ ಶತಮಾನದ ಚಿಂತಕ ಅಯೋತಿ ದಾಸರು ಬಳಸಿದ ‘ಜಾತಿ ಇಲ್ಲದ ತಮಿಳರು’ ಅನ್ನೋ ಮಾತಿನಿಂದ. ಉತ್ತರ ಚೆನ್ನೈನ ದುಡಿಯುವ ಜನರ ಗಾನಾ, ರ‍್ಯಾಪ್, ರಾಕ್ ಎಲ್ಲ ಒಂದೇ ವೇದಿಕೆಯಲ್ಲಿ. ಮೀಸಲಾತಿ ಬಗ್ಗೆ ಹಾಡು.

ನಾನು ಅವತ್ತು ಅಲ್ಲಿರಲಿಲ್ಲ. ಆಮೇಲೆ ಆಫೀಸ್ ಬಸ್‌ನಲ್ಲಿ ಫೋನ್‌ನಲ್ಲಿ ನೋಡಿದೆ. ಅಭ್ಯಾಸದಂತೆ ‘ಯಾರ ತರಹ?’ ಅಂತ ಕೇಳ್ಕೊಂಡೆ. ಆ ಪ್ರಶ್ನೆ ಅಲ್ಲಿ ಕೆಲಸಕ್ಕೇ ಬರಲಿಲ್ಲ. ಗಾನಾ ಈ ಊರಲ್ಲಿ ಎಷ್ಟೋ ದಶಕಗಳಿಂದ ಇತ್ತು, ಸಾವಿನ ಮನೆ ಮುಂದೆ, ಬೀದಿಯಲ್ಲಿ. ಸಭಾದ ಮಾಮಾ ಅದನ್ನ ಸಂಗೀತ ಅನ್ನಲಿಲ್ಲ, ಸರಿ. ಓಎಟಿ ಮೆಟ್ಟಿಲ ಮೇಲೆ ಕೂತು ‘ಹೊಸತು ಬೇಕು, ಸ್ವಂತದ್ದು ಬೇಕು’ ಅಂತಿದ್ದ ನಾವಾದ್ರೂ ಅಂದ್ವಾ? ನಮ್ಮ ಹನ್ನೆರಡು ಕೆಬಿಯಲ್ಲಿ ಒಂದೇ ಒಂದು ಗಾನಾ ಹಾಡಿಲ್ಲ. ಬೇಕು ಅಂತ ಬಿಟ್ಟದ್ದಲ್ಲ, ಹೊಳೆಯಲೇ ಇಲ್ಲ. ಅದು ಇನ್ನೂ ಕೆಟ್ಟದ್ದು.

ಈಗ ಆಫೀಸಿನಲ್ಲಿ ಊಟದ ಹೊತ್ತಿಗೆ ಚೆನ್ನೈನವರೇ ಆದ ಎಫ್16ಎಸ್ ಬಗ್ಗೆ ಮಾತು ಬರುತ್ತೆ. ‘ಶ್ರೀಮಂತರನ್ನು ತಿನ್ನೋ ಹೊತ್ತು ಬಂತಾ’ ಅಂತ ಕೇಳೋ ಹೆಸರಿನ ಅವರ 2021ರ ಬಿಡುಗಡೆ ಬಗ್ಗೆ ಮಾತಾಡುವಾಗ ಕಿರಿಯ ಸಹೋದ್ಯೋಗಿಗಳು ಗಿಟಾರ್ ಟೋನ್ ಬಗ್ಗೆ ಎಷ್ಟು ಮಾತಾಡ್ತಾರೋ, ಬಾಡಿಗೆ, ಸಂಬಳ, ಯಾರಿಗೆ ಯಾರ ಮೇಲೆ ಸಿಟ್ಟು ಅನ್ನೋದರ ಬಗ್ಗೆಯೂ ಅಷ್ಟೇ ಮಾತಾಡ್ತಾರೆ. ನಮಗಿಂತ ಚೆನ್ನಾಗಿ ಕೇಳ್ತಾರೆ ಅಂತ ನನ್ನ ಅನಿಸಿಕೆ.

ಉಳಿದದ್ದು

ಹಾಡು ಉಳಿಯುತ್ತೆ, ಅಭಿಪ್ರಾಯ ಹೋಗುತ್ತೆ ಅಂತ ನಾವು ಅಂದ್ಕೊಂಡಿದ್ವಿ. ಆಗಿದ್ದು ಬೇರೆ. ಆಗ ಸಣ್ಣ ಬ್ಯಾಂಡ್‌ಗಳು ಹಾಡು ಹಾಕ್ತಿದ್ದದ್ದು ಮೈಸ್ಪೇಸ್‌ನಲ್ಲಿ. 2003ರಿಂದ 2015ರವರೆಗೆ ಅಪ್‌ಲೋಡ್ ಆದ ಹಾಡುಗಳು ಸರ್ವರ್ ಬದಲಾವಣೆಯಲ್ಲಿ ಹೋದವು ಅಂತ 2019ರಲ್ಲಿ ಅವರೇ ಒಪ್ಪಿಕೊಂಡರು. ಸುಮಾರು 5 ಕೋಟಿ ಹಾಡು ಅಂತ ಅಂದಾಜು.

ನಮ್ಮ ಹಾಸ್ಟೆಲ್‌ನ ಒಂದು ಬ್ಯಾಂಡ್‌ನ ಮೂರು ಹಾಡುಗಳೂ ಅದೇ ದಾರಿ ಹಿಡಿದಿವೆ. ಹಾಡಿದವರು ಕೊಯಮತ್ತೂರಿನ ಒಬ್ಬ ಸೀನಿಯರ್. ಡಿಸ್ಕ್ ಸಿಕ್ಕ ಮೇಲೆ ಅವರಿಗೆ ಫೋನ್ ಮಾಡಿದೆ. ನಾನು ಬಾಯಿ ಬಿಡೋ ಮೊದಲೇ ಕೇಳಿದ್ರು, ‘ನಿನ್ನ ಹತ್ರ ನಮ್ಮ ಹಾಡು ಇದೆಯಾ? ನನ್ನ ಹತ್ರ ಇಲ್ಲ. ಮಗಳು ಕೇಳ್ತಾಳೆ.’

ಹಾಡು ಬಂದಿರಲಿಲ್ಲ. ನನ್ನ ಹತ್ರ ಇದ್ದದ್ದು ನಾನು ಬರೆದ ಸಾಲು: ‘ರೇಡಿಯೋಹೆಡ್ ತರಹ. 4/10.’ ಅದರಿಂದ ಯಾರಿಗೇನು ಉಪಯೋಗ? ಹಾಡು ಹೇಗಿತ್ತು ಅಂತ ಅದು ಹೇಳೋದೇ ಇಲ್ಲ. ನನ್ನ ಜಂಬ ಮಾತ್ರ ಹೇಳುತ್ತೆ. ಕೆಳಗೆ ರೂಮ್‌ಮೇಟ್ ಬರೆದಿದ್ದ: ‘ಎರಡನೇ ಹಾಡು: ಕಿಟಕಿ ತೆರೆದಿಟ್ಟೇ ರೆಕಾರ್ಡ್ ಮಾಡಿದ್ದಾರೆ, ನಿಜವಾದ ಮಳೆ ಕೇಳುತ್ತೆ. ಮೊದಲು ಬರೀ ಎರಡು ಕಾರ್ಡ್, ಇ ಮೈನರ್, ಸಿ. ಕೊನೆಗೆ ಧ್ವನಿ ಏರಿಸೋ ಬದಲು ಇಳಿಸ್ತಾರೆ. ಮನೆಗೆ ಹೋಗಬೇಕು ಅನ್ನಿಸ್ತು.’

ಅದನ್ನ ಓದಿ ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ‘ಇರು’ ಅಂದ್ರು, ಗಿಟಾರ್ ತಂದ ಸದ್ದು ಕೇಳಿಸ್ತು. ಇ ಮೈನರ್, ಸಿ. ಮೊದಲ ಚರಣ ಪೂರ್ತಿ ಬಂತು. ಎರಡನೆಯದು ಬರಲಿಲ್ಲ.

ನೀವು ಯಾವ ಬ್ಯಾಂಡ್ ಕೇಳ್ತೀರೋ ಗೊತ್ತಿಲ್ಲ. ಬೆಂಗಳೂರಿನದ್ದಿರಲಿ, ಹುಬ್ಬಳ್ಳಿ, ಮಂಗಳೂರು, ಕಾಸರಗೋಡಿನ ಕಾಲೇಜು ಹುಡುಗರದ್ದಿರಲಿ, ಹೊಸ ಆಲ್ಬಂ ಕೇಳಿದ ದಿನ ನಾಲ್ಕು ಸಾಲು ಕನ್ನಡದಲ್ಲಿ ಬರೆದಿಡಿ. ತಾರೀಖು ಹಾಕಿ. ಮಾರ್ಕ್ಸ್ ಬೇಕಾದ್ರೆ ಕೊಡಿ, ಆದರೆ ಏನು ಕೇಳಿಸ್ತು ಅಂತ ಮೊದಲು ಬರೀರಿ. ನಾನೂ ಹೊಸ ಫೈಲ್ ಶುರುಮಾಡಿದ್ದೀನಿ. ಹಳೇ ಕಾಲಂ ತೆಗೆದುಹಾಕಿ ‘ಏನು ಕೇಳಿಸ್ತು?’ ಅಂತ ಹೆಸರಿಟ್ಟಿದ್ದೀನಿ. ಈ ಸಲ ಎರಡು ಕಡೆ ಬ್ಯಾಕಪ್ ಇದೆ.

ಮುಂದಿನ ಸಂಚಿಕೆಯಲ್ಲಿ ಸಿಗೋಣ.