ರೋಗಿಯ ಹಾಸಿಗೆಯ ಬಳಿಯ ಪಾಠ: ರಾಜಾಜಿನಗರದ ಇ.ಎಸ್.ಐ. ಆಸ್ಪತ್ರೆ ಮತ್ತು ವೈದ್ಯ ವಿದ್ಯಾರ್ಥಿಗಳ ಪ್ರಾಯೋಗಿಕ ಶಿಕ್ಷಣ

ಕರ್ನಾಟಕದ ವೈದ್ಯಕೀಯ ಶಿಕ್ಷಣದ ಇತಿಹಾಸವನ್ನು ಸಾಮಾನ್ಯವಾಗಿ ಕಾಲೇಜುಗಳ ಸ್ಥಾಪನೆ, ಕಟ್ಟಡಗಳ ನಿರ್ಮಾಣ ಹಾಗೂ ಹೆಸರಾಂತ ವೈದ್ಯರ ಸಾಧನೆಗಳ ಮೂಲಕ ನಿರೂಪಿಸಲಾಗುತ್ತದೆ. ವಿದ್ಯಾರ್ಥಿಗಳು ಯಾರ ನಾಡಿ ಹಿಡಿದು, ಯಾರ ಗಾಯಕ್ಕೆ ಹೊಲಿಗೆ ಹಾಕಿ ವೈದ್ಯರಾದರು ಎಂಬ ಪ್ರಶ್ನೆ ಅಂತಹ ನಿರೂಪಣೆಗಳಲ್ಲಿ ಹಿನ್ನೆಲೆಗೆ ಸರಿದುಬಿಡುತ್ತದೆ. ವಾರ್ಡಿಗೆ ಬರುವ ರೋಗಿಗಳು ಬದಲಾದಂತೆ ಅಲ್ಲಿ ಕಲಿಯುವ ವಿದ್ಯೆಯೂ ಬದಲಾಗುತ್ತದೆ. ಪಶ್ಚಿಮ ಬೆಂಗಳೂರಿನ ರಾಜಾಜಿನಗರದ ಇ.ಎಸ್.ಐ. ಆಸ್ಪತ್ರೆಯು ಈ ಮಾತಿಗೆ ಒಂದು ಮಹತ್ವದ ನಿದರ್ಶನವಾಗಿದೆ.

ಹಿನ್ನೆಲೆ

ಮೈಸೂರು ಸಂಸ್ಥಾನದಲ್ಲಿ ಆಧುನಿಕ ವೈದ್ಯಕೀಯ ಶಿಕ್ಷಣವು ಬೆಂಗಳೂರಿನಲ್ಲಿಯೇ ಆರಂಭವಾಯಿತು. ೧೯೧೭ರಲ್ಲಿ ಇಲ್ಲಿ ವೈದ್ಯಕೀಯ ಶಾಲೆಯೊಂದು ಪ್ರಾರಂಭವಾಯಿತು. ೧೯೨೪ರಲ್ಲಿ ಸ್ಥಾಪಿತವಾದ ಮೈಸೂರು ವೈದ್ಯಕೀಯ ಕಾಲೇಜು ಕೂಡ ಮೊದಲು ಬೆಂಗಳೂರಿನಲ್ಲಿದ್ದು, ೧೯೩೦ರಲ್ಲಿ ಮೈಸೂರಿಗೆ ಸ್ಥಳಾಂತರಗೊಂಡಿತು. ೧೯೫೫ರಲ್ಲಿ ಬೆಂಗಳೂರು ವೈದ್ಯಕೀಯ ಕಾಲೇಜು ಆರಂಭವಾಯಿತು. ಅದರ ಸ್ಥಾಪನೆಗೆ ಶ್ರಮಿಸಿದವರಲ್ಲಿ ‘ರಾಶಿ’ ಎಂದೇ ಕನ್ನಡಿಗರಿಗೆ ಪರಿಚಿತರಾದ, ‘ಕೊರವಂಜಿ’ಯ ಸಂಪಾದಕ ಡಾ. ಎಂ. ಶಿವರಾಂ ಅವರೂ ಒಬ್ಬರು. ೧೯೦೦ರಲ್ಲಿ ತೆರೆದ ವಿಕ್ಟೋರಿಯ ಆಸ್ಪತ್ರೆ ಈ ಕಾಲೇಜಿನ ವಿದ್ಯಾರ್ಥಿಗಳಿಗೆ ಪಾಠಶಾಲೆಯಾಯಿತು. ಅಲ್ಲಿಗೆ ಬರುತ್ತಿದ್ದವರಲ್ಲಿ ಹೆಚ್ಚಿನವರು ಬೇರೆಡೆ ಹಣ ತೆರಲಾಗದ ಬಡವರು. ಉಚಿತ ಚಿಕಿತ್ಸೆಗೆ ಪ್ರತಿಯಾಗಿ ರೋಗಿಯು ವಿದ್ಯಾರ್ಥಿಗಳ ಪರೀಕ್ಷೆಗೆ ಒಳಗಾಗಬೇಕೆಂಬುದು ಎಲ್ಲೂ ಬರೆದಿಡದ, ಆದರೆ ಎಲ್ಲರಿಗೂ ತಿಳಿದಿದ್ದ ಒಪ್ಪಂದವಾಗಿತ್ತು.

ಎರಡು ವರದಿಗಳು

ಎರಡನೆಯ ಮಹಾಯುದ್ಧದ ಕಾಲದಲ್ಲಿ ರೂಪುಗೊಂಡ ಎರಡು ವರದಿಗಳು ಈ ಸಂದರ್ಭದಲ್ಲಿ ಗಮನಾರ್ಹವಾಗಿವೆ. ಪ್ರೊ. ಬಿ.ಪಿ. ಅದರ್ಕರ್ ಅವರು ೧೯೪೪ರಲ್ಲಿ ಕೈಗಾರಿಕಾ ಕಾರ್ಮಿಕರ ಆರೋಗ್ಯ ವಿಮೆಯನ್ನು ಕುರಿತು ವರದಿ ಸಲ್ಲಿಸಿದರು. ಸರ್ ಜೋಸೆಫ್ ಭೋರ್ ಅವರ ಅಧ್ಯಕ್ಷತೆಯ ಸಮಿತಿಯು ೧೯೪೬ರಲ್ಲಿ ದೇಶದ ಆರೋಗ್ಯ ವ್ಯವಸ್ಥೆಯನ್ನು ಕುರಿತ ತನ್ನ ವರದಿಯನ್ನು ನೀಡಿತು. ಮೊದಲನೆಯದು ಕಾರ್ಮಿಕನನ್ನು ಹಕ್ಕುಳ್ಳ ರೋಗಿಯನ್ನಾಗಿ ಕಂಡಿತು. ಎರಡನೆಯದು ರೋಗಿಯ ಸಾಮಾಜಿಕ ಪರಿಸರವನ್ನೂ ಅರಿಯಬಲ್ಲ ವೈದ್ಯನನ್ನು ಅಪೇಕ್ಷಿಸಿ, ರೋಗ ಪ್ರತಿಬಂಧಕ ಮತ್ತು ಸಾಮಾಜಿಕ ವೈದ್ಯದಲ್ಲಿ ಮೂರು ತಿಂಗಳ ತರಬೇತಿಯನ್ನು ಶಿಫಾರಸು ಮಾಡಿತು. ಈ ಎರಡು ಆಶಯಗಳು ಒಂದೇ ಆವರಣದಲ್ಲಿ ಸಂಧಿಸಲು ರಾಜಾಜಿನಗರವು ಆರು ದಶಕಗಳಿಗೂ ಹೆಚ್ಚು ಕಾಲ ಕಾಯಬೇಕಾಯಿತು.

ಅದರ್ಕರ್ ವರದಿಯ ಆಧಾರದ ಮೇಲೆ ಕಾರ್ಮಿಕರ ರಾಜ್ಯ ವಿಮಾ ಅಧಿನಿಯಮವು ೧೯೪೮ರಲ್ಲಿ ಅಂಗೀಕಾರವಾಯಿತು. ಯೋಜನೆಯು ೧೯೫೨ರ ಫೆಬ್ರವರಿಯಲ್ಲಿ ಕಾನ್ಪುರ ಮತ್ತು ದೆಹಲಿಗಳಲ್ಲಿ ಮೊದಲಾಗಿ, ೧೯೫೮ರ ಜುಲೈನಲ್ಲಿ ಬೆಂಗಳೂರಿಗೆ ಬಂದಿತು. ಬಿನ್ನಿ, ಮಿನರ್ವ ಮತ್ತು ರಾಜಾ ಮಿಲ್ಲುಗಳು, ಸಾಬೂನು ಕಾರ್ಖಾನೆ, ಮೈಸೂರು ಲ್ಯಾಂಪ್ಸ್, ಕಿರ್ಲೋಸ್ಕರ್ ಎಲೆಕ್ಟ್ರಿಕ್ ಮೊದಲಾದವುಗಳಿಂದ ನಗರದ ಪಶ್ಚಿಮ ಭಾಗವು ದುಡಿಯುವವರ ನೆಲೆಯಾಗಿತ್ತು. ಸಿ. ರಾಜಗೋಪಾಲಾಚಾರಿ ಅವರ ಹೆಸರನ್ನು ಹೊತ್ತ ರಾಜಾಜಿನಗರವು ಕೈಗಾರಿಕಾ ಉಪನಗರವಾಗಿಯೇ ಬೆಳೆಯಿತು. ಮುಂದೆ ಪೀಣ್ಯದ ಯಂತ್ರಾಗಾರಗಳೂ ಮೈಸೂರು ರಸ್ತೆಯ ಸಿದ್ಧ ಉಡುಪು ಕಾರ್ಖಾನೆಗಳೂ ಈ ಭಾಗದ ದುಡಿಮೆಯ ಸ್ವರೂಪವನ್ನು ಬದಲಿಸಿದವು. ಇಲ್ಲಿನ ಇ.ಎಸ್.ಐ. ಆಸ್ಪತ್ರೆಗೆ ಬರುವ ಕಾರ್ಮಿಕನು ದಾನವನ್ನು ಬೇಡಿ ಬಂದವನಲ್ಲ. ತಿಂಗಳ ಸಂಬಳದಿಂದ ಕಡಿತವಾದ ವಂತಿಗೆಯೇ ಅವನನ್ನು ಆ ಆಸ್ಪತ್ರೆಗೆ ಹಕ್ಕುದಾರನನ್ನಾಗಿ ಮಾಡಿತ್ತು.

ಕಾಲೇಜಿನ ಸ್ಥಾಪನೆ ಮತ್ತು ೨೦೧೫ರ ಬಿಕ್ಕಟ್ಟು

೨೦೧೦ರ ತಿದ್ದುಪಡಿಯ ಮೂಲಕ ಅಧಿನಿಯಮಕ್ಕೆ ೫೯ಬಿ ಪ್ರಕರಣವನ್ನು ಸೇರಿಸಿ, ವಿಮಾ ಯೋಜನೆಯ ಸೇವೆಗಳ ಗುಣಮಟ್ಟವನ್ನು ಉತ್ತಮಪಡಿಸುವ ಉದ್ದೇಶದಿಂದ ವೈದ್ಯಕೀಯ ಕಾಲೇಜುಗಳನ್ನು ಸ್ಥಾಪಿಸಲು ನಿಗಮಕ್ಕೆ ಅಧಿಕಾರ ನೀಡಲಾಯಿತು. ೨೦೧೨ರಲ್ಲಿ ರಾಜಾಜಿನಗರದಲ್ಲಿ ಎಂ.ಬಿ.ಬಿ.ಎಸ್. ತರಗತಿಗಳು ಪ್ರಾರಂಭವಾದವು. ಈ ಕಾಲೇಜು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ವ್ಯಾಪ್ತಿಗೆ ಒಳಪಟ್ಟಿತು. ನೆರೆಯ ಪ್ರದೇಶದಲ್ಲಿ ಕಂಬೀಪುರದ ರಾಜರಾಜೇಶ್ವರಿ ವೈದ್ಯಕೀಯ ಕಾಲೇಜು ೨೦೦೫ರಲ್ಲಿ, ಕೆಂಗೇರಿಯ ಬಿ.ಜಿ.ಎಸ್. ಗ್ಲೋಬಲ್ ವೈದ್ಯಕೀಯ ಸಂಸ್ಥೆ ೨೦೧೩ರಲ್ಲಿ ಆರಂಭವಾದವು. ಆ ಎರಡೂ ಖಾಸಗಿ ಆಡಳಿತದ ಸಂಸ್ಥೆಗಳು. ರಾಜಾಜಿನಗರದ ಕಾಲೇಜಿನ ವೈಶಿಷ್ಟ್ಯವೆಂದರೆ, ವಿಮಾದಾರರ ಮಕ್ಕಳಿಗೆ ಕೆಲವು ಸ್ಥಾನಗಳನ್ನು ಮೀಸಲಿಟ್ಟದ್ದು. ಹೀಗೆ ಹಾಸಿಗೆಯ ಮೇಲೆ ಮಲಗಿದ ಕಾರ್ಮಿಕನ ಮಗಳೇ ಕೊರಳಲ್ಲಿ ಸ್ಟೆಥಾಸ್ಕೋಪ್ ಧರಿಸಿ ಅದೇ ವಾರ್ಡಿಗೆ ಬರುವ ಸಾಧ್ಯತೆ ತೆರೆಯಿತು.

ಮೊದಲ ತಂಡದ ವಿದ್ಯಾರ್ಥಿಗಳು ವಾರ್ಡುಗಳ ಕಲಿಕೆಯಲ್ಲಿ ತೊಡಗಿದ್ದಾಗಲೇ, ೨೦೧೫ರ ಜನವರಿಯಲ್ಲಿ, ವೈದ್ಯಕೀಯ ಶಿಕ್ಷಣದಿಂದ ಹಿಂದೆ ಸರಿಯುವ ನಿಗಮದ ನಿರ್ಧಾರ ಬಹಿರಂಗವಾಯಿತು. ಶಿಕ್ಷಣವು ನಿಗಮದ ಮೂಲ ಕರ್ತವ್ಯವಲ್ಲ ಎಂಬುದು ಅದರ ಸಮರ್ಥನೆಯಾಗಿತ್ತು. ವಿದ್ಯಾರ್ಥಿಗಳು ಪ್ರತಿಭಟನೆಗೆ ಇಳಿದರು. ಕಾರ್ಮಿಕರ ವಂತಿಗೆಯನ್ನು ಶಿಕ್ಷಣಕ್ಕೆ ವಿನಿಯೋಗಿಸುವುದು ಸರಿಯೇ ಎಂಬ ಪ್ರಶ್ನೆ ಕ್ಷುಲ್ಲಕವಾದುದಲ್ಲ. ಆದರೆ ಕಲಿಯುವವರು ಇರುವ ವಾರ್ಡಿನಲ್ಲಿ ರೋಗಿಯನ್ನು ಮೇಲಿಂದ ಮೇಲೆ ವಿಚಾರಿಸಲಾಗುತ್ತದೆ, ಅವನ ರೋಗವನ್ನು ಕುರಿತು ಚರ್ಚೆ ನಡೆಯುತ್ತದೆ ಎಂಬುದೂ ಅಷ್ಟೇ ನಿಜ. ಮುಂದೆ ಆ ನಿರ್ಧಾರವು ಜಾರಿಯಾಗದೆ ಕಾಲೇಜು ಮುಂದುವರಿಯಿತು.

ಕಸುಬನ್ನು ಕೇಳುವ ವಿದ್ಯೆ

ಹಾಸಿಗೆಯ ಬಳಿಯ ಕಲಿಕೆಯಲ್ಲಿ ಮೊದಲನೆಯದು ರೋಗಿಯ ವೃತ್ತಾಂತವನ್ನು ಕೇಳಿ ಬರೆದುಕೊಳ್ಳುವುದು. ಇಟಲಿಯ ವೈದ್ಯ ರಾಮಜ್ಜೀನಿಯು ೧೭೦೦ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ, ರೋಗಿಯನ್ನು ಕೇಳುವ ಪ್ರಶ್ನೆಗಳಿಗೆ ಅವನ ಕಸುಬು ಯಾವುದು ಎಂಬುದನ್ನೂ ಸೇರಿಸಬೇಕೆಂದು ಸೂಚಿಸಿದನು. ಕಾರ್ಮಿಕರ ಆಸ್ಪತ್ರೆಯಲ್ಲಿ ಈ ಪ್ರಶ್ನೆಗೆ ವಿಶೇಷ ಅರ್ಥವಿದೆ. ಹತ್ತಿ ಗಿರಣಿಯ ಕಾರ್ಮಿಕನು ದಮ್ಮು ಕಟ್ಟುತ್ತದೆ ಎಂದಾಗ ಅದನ್ನು ಸಾಮಾನ್ಯ ಉಬ್ಬಸವೆಂದು ಬರೆದುಕೊಳ್ಳುವುದು ಸುಲಭ. ವಾರದ ರಜೆ ಮುಗಿದು ಕೆಲಸಕ್ಕೆ ಮರಳಿದ ಮೊದಲ ದಿನ ಎದೆ ಬಿಗಿಯುವುದು ಹೆಚ್ಚುತ್ತದೆಯೇ ಎಂದು ಕೇಳಿದರೆ ಮಾತ್ರ ಹತ್ತಿಯ ಧೂಳಿನಿಂದ ಬರುವ ಬಿಸಿನೋಸಿಸ್ ರೋಗದ ಸುಳಿವು ದೊರೆಯುತ್ತದೆ. ೧೯೪೮ರ ಅಧಿನಿಯಮದ ಮೂರನೆಯ ಅನುಸೂಚಿಯು ಇದನ್ನು ವೃತ್ತಿಜನ್ಯ ರೋಗಗಳ ಪಟ್ಟಿಯಲ್ಲಿ ಸೇರಿಸಿತ್ತು. ರೋಗವು ದುಡಿಮೆಯಿಂದ ಬಂದುದೆಂದು ದಾಖಲಾಗುವುದರ ಮೇಲೆ ಪರಿಹಾರದ ಹಕ್ಕು ನಿಂತಿತ್ತು.

ಗಾಯಗಳ ವಿಷಯದಲ್ಲಿ ಈ ಸಂಬಂಧವು ಇನ್ನೂ ಸ್ಪಷ್ಟವಾಗಿದೆ. ಪವರ್ ಪ್ರೆಸ್ಸಿಗೆ ಬೆರಳು ಸಿಕ್ಕಿ ಬಂದವನ ಗಾಯವನ್ನು ತೊಳೆದು, ಪಟ್ಟಿ ಕಟ್ಟಿ, ಕೇಸ್ ಶೀಟಿನಲ್ಲಿ ವಿವರ ಬರೆಯುವ ಕೆಲಸವು ಅನೇಕ ವೇಳೆ ಹೌಸ್ ಸರ್ಜನ್ನರ ಅಥವಾ ಕಿರಿಯ ವೈದ್ಯರ ಪಾಲಿಗೆ ಬರುತ್ತದೆ. ಅಧಿನಿಯಮದ ಎರಡನೆಯ ಅನುಸೂಚಿಯ ಪ್ರಕಾರ ತೋರುಬೆರಳು ಪೂರ್ಣವಾಗಿ ಹೋದರೆ ಗಳಿಕೆಯ ಸಾಮರ್ಥ್ಯದಲ್ಲಿ ಶೇ. ೧೪, ಎರಡು ಗೆಣ್ಣುಗಳು ಹೋದರೆ ಶೇ. ೧೧, ಒಂದು ಗೆಣ್ಣು ಹೋದರೆ ಶೇ. ೯ರಷ್ಟು ನಷ್ಟವೆಂದು ಪರಿಗಣಿಸಲಾಗುತ್ತಿತ್ತು. ಅಂತಿಮ ನಿರ್ಣಯವು ವೈದ್ಯಕೀಯ ಮಂಡಲಿಯದೇ ಆದರೂ, ಮೊದಲ ದಿನದ ಬರವಣಿಗೆಯು ಅದಕ್ಕೆ ಮುಖ್ಯ ಆಧಾರವಾಗಬಲ್ಲದು. ಯಾವ ಬೆರಳು, ಎಷ್ಟು ಗೆಣ್ಣು, ಎಷ್ಟು ಹೊತ್ತಿಗೆ, ಯಾವ ಯಂತ್ರದಲ್ಲಿ ಎಂಬ ವಿವರಗಳನ್ನು ನಿದ್ದೆಗೆಟ್ಟ ತರುಣ ವೈದ್ಯರು ಅವಸರದಲ್ಲಿ ಬಿಟ್ಟುಬಿಟ್ಟರೆ, ಆ ಲೋಪದ ಹೊರೆಯನ್ನು ಕಾರ್ಮಿಕನ ಕುಟುಂಬವು ಬಹುಕಾಲ ಹೊರಬೇಕಾಗುತ್ತದೆ. ವಿಕ್ಟೋರಿಯ ಮಾದರಿಯ ಧರ್ಮಾಸ್ಪತ್ರೆಗಳಲ್ಲಿ ವಿದ್ಯಾರ್ಥಿಗಳ ಬರವಣಿಗೆ ಮುಖ್ಯವಾಗಿ ಚಿಕಿತ್ಸೆಗೂ ಪಾಠಕ್ಕೂ ಸಂಬಂಧಿಸಿದ್ದರೆ, ಇಲ್ಲಿ ಅದು ಅನ್ನಕ್ಕೂ ಸಂಬಂಧಿಸಿದ ದಾಖಲೆಯಾಯಿತು.

ಈ ವಿದ್ಯೆಗೆ ಭಾಷೆಯೇ ಮೊದಲ ಉಪಕರಣ. ಸುಸ್ತು, ಸಂಕಟ, ಜೋಮು, ತಲೆಸುತ್ತು ಎಂಬ ಮಾತುಗಳ ವ್ಯತ್ಯಾಸವನ್ನು ಅರಿಯದವರು ರೋಗವನ್ನೂ ಸರಿಯಾಗಿ ಅರಿಯಲಾರರು. ಹೊರರಾಜ್ಯಗಳ ವಿದ್ಯಾರ್ಥಿಗಳೂ ಸೇರುವ ಕಾಲೇಜಿನಲ್ಲಿ ರೋಗಿಗಳೇ ಎಷ್ಟೋ ವೇಳೆ ಕನ್ನಡದ ಉಪಾಧ್ಯಾಯರಾಗುತ್ತಾರೆ. ೨೦೧೯ರಲ್ಲಿ ಜಾರಿಗೆ ಬಂದ ಸಾಮರ್ಥ್ಯಾಧಾರಿತ ಪಠ್ಯಕ್ರಮವು ಆರಂಭಿಕ ತರಬೇತಿಯಲ್ಲಿ ಸ್ಥಳೀಯ ಭಾಷೆಗೆ ಸ್ಥಾನ ನೀಡಿ, ಮೊದಲ ವರ್ಷದಿಂದಲೇ ವಿದ್ಯಾರ್ಥಿಗಳನ್ನು ರೋಗಿಗಳ ಬಳಿಗೆ ಕರೆದೊಯ್ಯುವಂತೆ ವಿಧಿಸಿತು. ೨೦೨೧ರ ನಿಯಮಗಳು ಹನ್ನೆರಡು ತಿಂಗಳ ಸರದಿ ಇಂಟರ್ನ್‌ಶಿಪ್ಪನ್ನು ಮುಂದುವರಿಸಿದವು. ಅದೇ ವರ್ಷದ ಮೇ ತಿಂಗಳಲ್ಲಿ, ಕೋವಿಡ್ ಎರಡನೆಯ ಅಲೆಯ ನಡುವೆ, ಅಧ್ಯಾಪಕರ ಮೇಲ್ವಿಚಾರಣೆಯಲ್ಲಿ ಇಂಟರ್ನ್‌ಗಳನ್ನು ಕೋವಿಡ್ ಕರ್ತವ್ಯಕ್ಕೆ ನಿಯೋಜಿಸಲು ಕೇಂದ್ರ ಸರ್ಕಾರವು ತೀರ್ಮಾನಿಸಿತು. ಕಲಿಯುವವರು ಮತ್ತು ದುಡಿಯುವವರು ಎಂಬ ಗೆರೆ ಎಷ್ಟು ತೆಳುವಾದುದೆಂಬುದು ಆಗ ದೇಶಕ್ಕೆಲ್ಲ ತಿಳಿಯಿತು.

ಉಪಸಂಹಾರ

೨೦೨೫ರ ನವೆಂಬರಿನಲ್ಲಿ ಸಾಮಾಜಿಕ ಭದ್ರತಾ ಸಂಹಿತೆಯು ಜಾರಿಗೆ ಬಂದು ೧೯೪೮ರ ಅಧಿನಿಯಮದ ಸ್ಥಾನವನ್ನು ಪಡೆಯಿತು. ರಾಜಾಜಿನಗರದ ಸುತ್ತಲಿನ ಹಳೆಯ ಗಿರಣಿಗಳು ಮುಚ್ಚಿಹೋಗಿ, ಅವುಗಳ ನೆಲದ ಮೇಲೆ ಮಾಲುಗಳೂ ವಸತಿ ಸಮುಚ್ಚಯಗಳೂ ಎದ್ದಿವೆ. ಆದರೂ ವಾರ್ಡಿನ ಮೂಲ ಸಂಬಂಧ ಬದಲಾಗಿಲ್ಲ. ಧರ್ಮಾಸ್ಪತ್ರೆಯ ರೋಗಿಯು ತನ್ನ ದೇಹವನ್ನು ವಿದ್ಯೆಗೆ ಒಡ್ಡಿ ಚಿಕಿತ್ಸೆ ಪಡೆದನು. ಇ.ಎಸ್.ಐ. ಆಸ್ಪತ್ರೆಯ ರೋಗಿಯು ಚಿಕಿತ್ಸೆಗೆ ಮೊದಲೇ ವಂತಿಗೆ ತೆತ್ತಿದ್ದಾನೆ, ಮೇಲಾಗಿ ತನ್ನ ಮುಂದೆ ನಿಂತು ಕಲಿಯುತ್ತಿರುವವರ ಶಿಕ್ಷಣಕ್ಕೂ ಅದರಲ್ಲೊಂದು ಪಾಲು ಸಂದಿದೆ. ಆ ಋಣವನ್ನು ತೀರಿಸುವ ಮೊದಲ ದಾರಿ, ಅವನ ಕಸುಬನ್ನು ಕೇಳಿ ತಿಳಿದು, ಕೇಳಿದ್ದನ್ನು ಲೋಪವಿಲ್ಲದೆ ಬರೆದಿಡುವುದೇ ಆಗಿದೆ.